ರೋಡಿನ ಮ್ಯಾಲಿನ ರಾಶಿ

ನಲವತ್ತಾರನೇ ವಯಸ್ಸಿಗೆ ಗಾಡಿ ಹೊಡೆಯಲು ಕಲಿತವನು ನಾನು. ಅಲ್ಲಿಯವರೆಗೆ ಬೆಟಗೇರಿಯಿಂದ ಗದಗಿಗೆ ಸೈಕಲ್ಲು, ಅದರಾಚೆಗೆ ಬಸ್ಸು. ಮಗ ಓದಲಿಕ್ಕೆಂದು ಧಾರವಾಡಕ್ಕೆ ಹೋಗುವಾಗ ತನ್ನ ಹಳೆಯ ನೂರು ಸಿಸಿ ಬೈಕನ್ನು ಅಂಗಳದಲ್ಲಿ ಬಿಟ್ಟುಹೋದ. ಎರಡು ತಿಂಗಳು ಹೆಂಡತಿ ಅದರ ಸೀಟಿನ ಮೇಲೆ ಹಪ್ಪಳ ಒಣಗಿಸಿದಳು. ಮೂರನೇ ತಿಂಗಳು ಹ್ಯಾಂಡಲ್ಲಿಗೆ ಸಂಡಿಗೆಯ ಚೀಲ ತೂಗುಬಿದ್ದಾಗ, ಇನ್ನು ತಡಮಾಡಿದರೆ ಗಾಡಿ ಅಡುಗೆಮನೆಯ ಆಸ್ತಿಯಾಗುತ್ತದೆ ಎಂದು ಕಲಿಯಲು ಕೂತೆ.

ಲೈಸನ್ಸಿನ ಪರೀಕ್ಷೆಯಲ್ಲಿ ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕಬೇಕು. ಹಾಕಿದೆ. ಎಂಟು ಹಾಕಿದವನಿಗೆ ಗಾಡಿ ಬಂತು ಅನ್ನುವುದು, ಅ ಆ ಇ ಈ ತಿದ್ದಿದವನನ್ನು ವೀರನಾರಾಯಣ ಗುಡಿಯ ಕುಮಾರವ್ಯಾಸನ ಕಂಬಕ್ಕೆ ಒರಗಿಸಿದ ಹಾಗೆ. ನಾನು ಒರಗಿ ಕೂತೇಬಿಟ್ಟಿದ್ದೆ.

ಜನವರಿಯ ಒಂದು ಮುಂಜಾನೆ ಮಾಗಡಿ ಕೆರೆಗೆ ಹೊರಟೆ. ಶಿರಹಟ್ಟಿ ತಾಲ್ಲೂಕಿನ ಈ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ್ದು. ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪ್ರತಿ ಚಳಿಗಾಲ ಇಲ್ಲಿಗೆ ಬರುತ್ತವೆ. ಹೊತ್ತಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಅವು ಅಷ್ಟು ದೂರದಿಂದ ಬರುವುದಾದರೆ ಬೆಟಗೇರಿಯಿಂದ ನಾನು ಹೋಗುವುದೇನು ಮಹಾ ಅಂದುಕೊಂಡೆ. ತಲೆಯ ಮೇಲೆ ಹೆಲ್ಮೆಟ್ ಇತ್ತು. ಗದ್ದದ ಕೆಳಗಿನ ಬಕ್ಕಲ್ ಮಾತ್ರ ಹಾಕಿರಲಿಲ್ಲ, ಕುತ್ತಿಗೆ ತುರಿಸುತ್ತದೆಂದು.

ನಮ್ಮ ಕಡೆ ಹುರಳಿ ಒಕ್ಕುವ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲೆಲ್ಲ ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದರು. ಈಗ ಎತ್ತೂ ಕಡಿಮೆ, ಪುರಸೊತ್ತೂ ಕಡಿಮೆ. ಸರಕಾರ ಹೊಲದ ಬಾಜೂಕ್ಕೇ ಇಷ್ಟು ಚೊಕ್ಕ ಡಾಂಬರಿನ ಕಣ ಮಾಡಿಕೊಟ್ಟಿರುವಾಗ ಬಿಡುವುದುಂಟೇ? ಕಿತ್ತ ಹುರಳಿಯನ್ನು ರೋಡಿನ ಮೇಲೆ ಹರಡಿಬಿಟ್ಟರೆ ಹೋಗಿಬರುವ ಬಸ್ಸು, ಲಾರಿ, ಟ್ರ್ಯಾಕ್ಟರುಗಳೇ ಹಂತಿ ತುಳಿಯುತ್ತವೆ. ಒಕ್ಕಿದ ಕಾಳಿನ ರಾಶಿಯನ್ನು ಅಂಚಿಗೆ ಸರಿಸಿ, ಅದನ್ನೂ ಯಾರಾದರೂ ತುಳಿದಾರೆಂದು ಸುತ್ತ ತಲೆಗಾತ್ರದ ಕಲ್ಲು ಇಡುತ್ತಾರೆ.

ತಿರುವು ದಾಟಿದ್ದೇ ಎದುರಿಗೆ ಹುರಳಿ. ಆ ಊರಿನ ಹೆಸರು ಹೇಳುವುದಿಲ್ಲ, ಮುಂದಿನ ಸಲ ಅಲ್ಲಿ ಚಾ ಸಿಗಬೇಕಲ್ಲ. ನನಗೆ ಕಂಡದ್ದು ಕಲ್ಲು ಒಂದೇ. ಇಡೀ ರೋಡು ಖಾಲಿ ಬಿದ್ದಿತ್ತು, ಆದರೆ ಕಲ್ಲು ತಪ್ಪಿಸಬೇಕು, ಕಲ್ಲು ತಪ್ಪಿಸಬೇಕು ಎಂದು ಅದನ್ನೇ ದಿಟ್ಟಿಸುತ್ತ, ಗೆರೆ ಎಳೆದ ಹಾಗೆ ನೆಟ್ಟಗೆ ಅದರ ಕಡೆಗೇ ಹೋದೆ. ಕೊನೆಗಳಿಗೆಯಲ್ಲಿ ಹ್ಯಾಂಡಲ್ ಹೊರಳಿಸಿ, ಮುಂದಿನ ಬ್ರೇಕನ್ನು ದನದ ಹಗ್ಗ ಜಗ್ಗಿದ ಹಾಗೆ ಜಗ್ಗಿದೆ. ಮೇಲೆ ಹೊಟ್ಟು, ಕೆಳಗೆ ಕಾಳು. ಡಾಂಬರಿನ ಮೇಲೆ ಹುರಳಿಕಾಳೆಂದರೆ ಸಾವಿರ ಬೇರಿಂಗ್ ಗುಂಡು. ಮುಂದಿನ ಗಾಲಿ ನನ್ನನ್ನು ಕೇಳದೆ ಎಡಕ್ಕೆ ಹೋಯಿತು.

ಮೊದಲು ಹೋದದ್ದು ಹೆಲ್ಮೆಟ್ಟು. ಅದು ನನ್ನ ತಲೆಯನ್ನು ಬಿಟ್ಟು, ರಾಶಿಯ ಮೇಲೆ ಎರಡು ಉರುಳು ಉರುಳಿ, ಅಂಗಾತ ಬಿದ್ದು ಕಾಳು ತುಂಬಿಕೊಂಡಿತು. ಅದರ ಹಿಂದೆ ನಾನು. ಬೀಳುವವನು ಮೊದಲು ಅಂಗೈ ಊರುತ್ತಾನೆ. ಕೈಗವಸು ಯಾಕೆ ಹಾಕುತ್ತಾರೆಂಬುದು ಎರಡೂ ಅಂಗೈಗೆ ಒಟ್ಟಿಗೇ ತಿಳಿಯಿತು. ತಲೆಗೆ ಏಟಾಗಲಿಲ್ಲ. ಅದರ ಪುಣ್ಯ ಹುರಳಿಗೆ ಸೇರಬೇಕು, ನನಗಲ್ಲ.

ಹೊಲದಿಂದ ಅಜ್ಜ ಒಬ್ಬ ಓಡಿ ಬಂದ. ಎಬ್ಬಿಸಿ ಕೂರಿಸಿ, ತಂಬಿಗೆಯ ನೀರು ಕೈಗೆ ಸುರಿದ.

"ಪೆಟ್ಟ ಭಾಳ ಆಗೇತೇನ್ರಿ ಸರ?"

"ಇಲ್ಲ ಯಜ್ಜಾ. ಕಲ್ಲು ತಪ್ಪಸಾಕ ಹೋದೆ."

"ತಪ್ಪಸಾಕ ಹೋದವರು ಅದನ್ನ ಯಾಕ ನೋಡಿದ್ರಿ? ಬಯಲ ಇರೋ ಕಡೆ ನೋಡಬೇಕ್ರಿ. ನಾ ಐವತ್ತ ವರ್ಷ ಚಕ್ಕಡಿ ಹೊಡದೇನಿ. ಹೊಡೆಯಾವ ಎತ್ತ ನೋಡ್ತಾನೋ ಎತ್ತು ಅತ್ತಾಗ ಹೊಕ್ಕತಿ."

ಮಗನ ಮೊಬೈಲಿನ ವಿಡಿಯೋಗಳಲ್ಲಿ ಇದನ್ನೇ ಅರ್ಧ ಗಂಟೆ ಹೇಳುತ್ತಾರೆ. ಅಜ್ಜ ಅಷ್ಟು ಹೇಳಿ, ನನ್ನ ಹೆಲ್ಮೆಟ್ಟಿನ ಕಾಳನ್ನು ಜೋಪಾನವಾಗಿ ರಾಶಿಗೆ ಸುರಿದುಕೊಂಡ.

ಬ್ರೇಕಿನ ಪಾಠ ಹೇಳಿದವನು ಬೆಟಗೇರಿಯ ಮೆಕ್ಯಾನಿಕ್. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಆದ್ದರಿಂದ ಒಳ್ಳೆಯ ರೋಡಿನಲ್ಲಿ ಗಾಡಿ ನಿಲ್ಲಿಸುವುದು ಮುಂದಿನ ಬ್ರೇಕೇ. ಆದರೆ ಕಾಳು, ಉಸುಕು, ಮಳೆಗೆ ನೆನೆದ ಎರಿ ಮಣ್ಣಿನ ಮೇಲೆ, ಅದೂ ಹ್ಯಾಂಡಲ್ ಹೊರಳಿದ್ದಾಗ ಹಿಡಿದರೆ ಗಾಲಿ ಜಾರದೆ ಇನ್ನೇನು? ವೇಗವನ್ನು ಮೊದಲೇ ಇಳಿಸಿಕೊಂಡು, ಹ್ಯಾಂಡಲ್ ನೆಟ್ಟಗಿಟ್ಟು ಸುಮ್ಮನೆ ಹಾಯಬೇಕಂತೆ. 2019ರ ಏಪ್ರಿಲ್‌ನಿಂದ ಮಾರುವ ಸಣ್ಣ ಗಾಡಿಗಳಲ್ಲಿ ಹಿಂದಿನದನ್ನು ಒತ್ತಿದರೆ ಮುಂದಿನದೂ ಜೊತೆಗೆ ಹಿಡಿಯುವ ಬ್ರೇಕು, 125 ಸಿಸಿ ದಾಟಿದವಕ್ಕೆ ಎಬಿಎಸ್ ಕಡ್ಡಾಯ. ನಮ್ಮದು ಅದಕ್ಕಿಂತ ಹಿಂದಿನದು. "ನಿಮ್ಮದರಾಗ ಬ್ರೇಕಿಗೆ ಬುದ್ಧಿ ಇಲ್ಲರಿ, ನೀವ ಇಟಗೋಬೇಕು" ಅಂದ. ಚೈನಿನ ಕವರ್ ಬಿಚ್ಚಿದಾಗ ಒಂದು ಮುಷ್ಟಿ ಹುರಳಿ ಉದುರಿತು.

ಗಾಯಕ್ಕಿಂತ ಕಾಡಿದ್ದು ಸುದ್ದಿ. ಲಕ್ಷ್ಮೇಶ್ವರದ ಭಾವನಿಗೆ ಫೋನಿನಲ್ಲಿ ನಾನೇ ಹುರಳಿ ಅಂದಿದ್ದೆ. ಶಿರಹಟ್ಟಿಯ ಸೋದರತ್ತೆಗೆ ಅದು ತಲುಪುವಾಗ ಟ್ರ್ಯಾಕ್ಟರ್ ಆಗಿತ್ತು. ಮುಂಡರಗಿಯ ಬೀಗರಿಗೆ ಲಾರಿ. ಅವರು ಎರಡು ಡಜನ್ ಬಾಳೆಹಣ್ಣು ಹಿಡಿದು ಅಳುಮುಖದಲ್ಲಿ ಬಂದರೆ ನಾನು ಕಟ್ಟೆಯ ಮೇಲೆ ಕೂತು ಗಿರಮಿಟ್ ತಿನ್ನುತ್ತಿದ್ದೆ. ಅವರಿಗೆ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾದಂತೆ ಕಂಡಿತು. ಆದರೂ ಕಪ್ಪತಗುಡ್ಡದ ಯಾವುದೋ ಸೊಪ್ಪು ಅರೆದು ಮೊಣಕಾಲಿಗೆ ಮೆತ್ತಿಯೇ ಹೋದರು. ಅತ್ತೆ ಫಕೀರೇಶ್ವರ ಮಠಕ್ಕೆ ನನ್ನ ಹೆಸರಿನಲ್ಲಿ ಹರಕೆ ಹೊತ್ತಿದ್ದಳು, ನಾನು ಶಿರಹಟ್ಟಿಗೆ ನಡೆದು ಬರುತ್ತೇನೆಂದು. ಗಾಡಿಯ ಮೇಲಿನ ಅವಳ ನಂಬಿಕೆ ಅಷ್ಟು.

ಹದಿನೈದು ದಿನಕ್ಕೆ ಮತ್ತೆ ಹೊರಟೆ. ಬಕ್ಕಲ್ ಹಾಕಿದ್ದೆ, ಕೈಗವಸು ಕೊಂಡಿದ್ದೆ. ಅದೇ ತಿರುವು, ಹೊಸ ಹುರಳಿ. ಕಲ್ಲು ಇತ್ತು, ನೋಡಲಿಲ್ಲ. ಬಯಲು ನೋಡಿದೆ. ಅಷ್ಟಾದರೂ ಧೈರ್ಯ ಸಾಲದೆ ಇಳಿದು, ಗಾಡಿಯನ್ನು ಹುರಳಿಯ ಪಕ್ಕದಿಂದ ಮೆಲ್ಲಗೆ ತಳ್ಳಿಕೊಂಡು ನಡೆದೆ. ಅಜ್ಜ ಹೊಲದಿಂದಲೇ ಕೂಗಿದ:

"ಏ ಸರ, ಹತ್ತಿ ಮ್ಯಾಲ ಹಾಯಸ್ಕೊಂಡು ಹೋಗ್ರಿ! ತಳ್ಳಿದ್ರ ಕಾಳ ಹ್ಯಾಂಗ ಉದರಬೇಕ್ರಿ?"