ದೂರದ ಮೇಷ್ಟ್ರು: ಬಳಕೆದಾರರ ಕೈಪಿಡಿ

ಶಹಾಬಾದ್ ಪಕ್ಕದ ಭಂಕೂರಿನಲ್ಲಿ ಕೂತು, ಕಣ್ಣು ಕಾಣದೆಯೂ ಫೋನಿನಲ್ಲಿ ಪಾಠ ಕೇಳುವ ಹೈಸ್ಕೂಲು ವಿದ್ಯಾರ್ಥಿಗಳೇ, ಈ ಉಪಕರಣ ನಿಮ್ಮ ಪಾಲಿಗೆ ಬಂದದ್ದಕ್ಕೆ ಅಭಿನಂದನೆ. ಉಪಕರಣ ಎಂದರೆ ಫೋನಲ್ಲ. ಅದನ್ನು ನೀವು ಯಾವಾಗಲೋ ಪಳಗಿಸಿದ್ದೀರಿ. ಪಳಗಿಸಬೇಕಾದದ್ದು ಆ ತುದಿಯಲ್ಲಿರುವ, ಕಣ್ಣಿರುವ ಮೇಷ್ಟ್ರನ್ನು. ಈ ಕೈಪಿಡಿಯಲ್ಲಿ ಚಿತ್ರಗಳಿಲ್ಲ. ಫೋನಿನ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಒಪ್ಪಿಸಿ, ಕೇಳಿಸಿಕೊಳ್ಳಿ.

ಚಾಲನೆ

ಉಪಕರಣ ಶುರುವಾದೊಡನೆ “ಎಲ್ಲರಿಗೂ ಸ್ಕ್ರೀನ್ ಕಾಣ್ತಿದೆಯಾ?” ಎನ್ನುತ್ತದೆ. ಗಾಬರಿ ಬೇಡ, ಕಾರ್ಖಾನೆಯಿಂದಲೇ ಹಾಗೆ ಬರುತ್ತದೆ. ಆಮೇಲೆ “ಇದನ್ನ ಇಲ್ಲಿಂದ ತಗೊಂಡು ಅಲ್ಲಿ ಹಾಕಿದ್ರೆ ಇದು ಬರುತ್ತೆ” ಎಂಬ ವಾಕ್ಯ ಹೊರಬೀಳುತ್ತದೆ. ಬೀಜಗಣಿತದ ಅರ್ಧ ಪಾಠ ಈ ಒಂದೇ ವಾಕ್ಯದಲ್ಲಿ ಮುಗಿಯುವುದುಂಟು. ಕೂಡಲೇ ಮೈಕ್ ಒತ್ತಿ: “ಸರ್, ಇಲ್ಲಿ ಅಂದ್ರ ಎಲ್ರಿ?” ಮತ್ತೆ “ಇಲ್ಲಿ” ಬಂದರೆ ಮತ್ತೆ ಒತ್ತಿ. ಸಂಕೋಚಪಟ್ಟರೆ ಉಪಕರಣ ಸುಧಾರಿಸುವುದಿಲ್ಲ. ಒಂದಷ್ಟು ದಿನದ ಮೇಲೆ “ಸಮ ಚಿಹ್ನೆಯ ಎಡಗಡೆ ಇರೋ ಎರಡು ಎಕ್ಸ್” ಎಂದು ಬಿಡಿಸಿ ಹೇಳತೊಡಗುತ್ತದೆ. ಆಗ ಕಣ್ಣಿರುವ ಸಹಪಾಠಿಗಳಿಗೂ ಲೆಕ್ಕ ತಿಳಿಯುತ್ತದೆ. ಅದರ ಶ್ರೇಯವನ್ನು ನಿಮಗೆ ಯಾರೂ ಕೊಡುವುದಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಬಂದ ಪಾಠಗಳಿಗೆ ಹೀಗೆ ಒತ್ತಿ ಕೇಳುವ ಗುಂಡಿಯೇ ಇರಲಿಲ್ಲ. ಹಳೆಯ ಮಾದರಿಗಳಲ್ಲಿ ಮಾತ್ರ “ಇಲ್ಲಿ, ಅಲ್ಲಿ” ಎನ್ನುವ ದೋಷ ಕಾಣಸಿಗದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರಿಗೂ ಕಣ್ಣಿರಲಿಲ್ಲ. “ಇಲ್ಲಿ ನೋಡು” ಎನ್ನುವ ಅನುಕೂಲವಿಲ್ಲದೆಯೇ ಇಡೀ ಹಿಂದುಸ್ತಾನಿ ಸಂಗೀತವನ್ನು ಕಲಿಸಿದರು.

ನೋಟ್ಸ್

ಪಾಠ ಮುಗಿದ ಮೇಲೆ ಉಪಕರಣ ವಾಟ್ಸಾಪಿಗೆ ನೋಟ್ಸ್ ಹಾಕುತ್ತದೆ. ಕೈಬರಹದ ಫೋಟೊ ಬಂದರೆ ಟಾಕ್‌ಬ್ಯಾಕ್ “ಫೋಟೊ” ಎಂದು ಸುಮ್ಮನಾಗುತ್ತದೆ. ಹಳೆಯ ನುಡಿ ಫಾಂಟಿನ ಕಡತ ಇನ್ನೂ ಸ್ವಾರಸ್ಯದ್ದು. ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟು ಮೇಲಿಂದ ಕನ್ನಡದ ವೇಷ ಹಾಕುತ್ತದೆ. ಕಣ್ಣಿರುವವರು ವೇಷವನ್ನೇ ಓದುತ್ತಾರೆ. ನಿಮ್ಮ ಟಾಕ್‌ಬ್ಯಾಕಿಗಾಗಲಿ, ಲ್ಯಾಪ್‌ಟಾಪಿನಲ್ಲಿ ಪರದೆ ಓದುವ ಎನ್‌ವಿಡಿಎಗಾಗಲಿ ವೇಷ ಕಾಣದು. ಬಸವಣ್ಣನವರ ವಚನವನ್ನು ಎ, ಝಡ್, ಅಡ್ಡಗೆರೆ ಎಂದು ಒದರುತ್ತವೆ. “ಯೂನಿಕೋಡ್‌ನಾಗ ಕಳಸ್ರಿ ಸರ್” ಎಂದು ಬರೆಯಿರಿ. “ನನ್ನ ಹತ್ರ ಸರಿಯಾಗೇ ಕಾಣ್ತದಲ್ಲ” ಎಂಬ ಉತ್ತರ ಬರುತ್ತದೆ. ಕಾಣುತ್ತಿರುವುದೇ ತೊಂದರೆ ಎಂದು ಅವರಿಗೆ ಹೊಳೆಯುವವರೆಗೆ ಕಾಯಿರಿ.

ಪುಸ್ತಕವನ್ನೂ ಯೂನಿಕೋಡಿಗೆ ತರಲು ಹೊರಟಾಗ ಪ್ರಕಾಶಕರ ಪರವಾನಗಿ ಬೇಕು ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಪುಸ್ತಕವನ್ನು ನೀವು ಓದಬಲ್ಲ ರೂಪಕ್ಕೆ ತರಲು 2012ರ ಕೃತಿಸ್ವಾಮ್ಯ ತಿದ್ದುಪಡಿಯೇ ದಾರಿ ಬಿಟ್ಟಿದೆ. ಇದೇ ಆಶಯದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಕಾನೂನು ಮರಾಕೆಶ್ ಮುಟ್ಟಿ ಬಂತು, ಫಾಂಟು ಮಾತ್ರ ಮೇಷ್ಟ್ರ ಕಂಪ್ಯೂಟರ್ ಬಿಟ್ಟು ಕದಲಿಲ್ಲ.

ಗ್ರಾಫ್

“ಗ್ರಾಫ್ ನಿನಗೆ ಬೇಡ, ಬಿಟ್ಟುಬಿಡು” ಎಂಬ ಸೂಚನೆ ಉಪಕರಣದಿಂದ ಬರಬಹುದು. ಬಿಡಬೇಡಿ. ನಿಮ್ಮ ಮನೆಯ ನೆಲಕ್ಕಿರುವುದು ಇಲ್ಲಿಯ ಗಣಿಯದೇ ಪರ್ಸಿ ಕಲ್ಲು. ಗೌಂಡಿ ಸಂದುಗಳನ್ನು ನೇರಕ್ಕೆ ಕೂಡಿಸಿದ ಜಾಗ ಹುಡುಕಿ, ಅಂಗೈಯಿಂದ ಸವರಿ. ಒಂದು ಸಂದು ಎಕ್ಸ್ ಅಕ್ಷ, ಅದನ್ನು ಅಡ್ಡ ಹಾಯುವುದು ವೈ. ಬಲಕ್ಕೆ ಮೂರು ಕಲ್ಲು, ಮೇಲೆ ಎರಡು ಕಲ್ಲು ಎಣಿಸಿ ಅಲ್ಲೊಂದು ಹುಣಸೆ ಬೀಜ ಇಡಿ. ಇನ್ನೊಂದು ಬಿಂದುವಿಗೆ ಇನ್ನೊಂದು ಬೀಜ. ನಡುವೆ ದಾರ ಎಳೆದರೆ ಸರಳರೇಖೆ ಬೆರಳಿಗೆ ಸಿಗುತ್ತದೆ. ಮೇಷ್ಟ್ರು ಅಂಕಿ ಹೇಳಿದರೆ ಸಾಕು. ಕಸ ಗುಡಿಸುವ ಹೊತ್ತು ತಪ್ಪಿಸಿ.

ಬ್ರೈಲ್

ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುವಿ ಎಡದಿಂದ ಬಲಕ್ಕೆ ಓದುತ್ತೀರಿ. ಹಾಗಾಗಿ ಉಪಕರಣ “ಎಡಗಡೆ ಮೇಲಿನ ಚುಕ್ಕಿ” ಎಂದರೆ ಬರೆಯುವಾಗ ಅದು ಬಲಗಡೆ. ಚುಕ್ಕಿಯ ಸಂಖ್ಯೆಯನ್ನೇ ಹೇಳಿಸಿ: ‘ಕ’ ಎಂದರೆ 1, 3, ‘ಕಾ’ ಬೇಕಾದರೆ ಅದರ ಮುಂದಿನ ಮನೆಯಲ್ಲಿ 3, 4, 5.

ಮಿತಿ

ಬೆರಳು ಹಿಡಿದು ತಿದ್ದುವ ಕೆಲಸ ಈ ಉಪಕರಣದಿಂದ ಆಗದು. ಹೊಸದಾಗಿ ಬ್ರೈಲ್ ಕಲಿಯುವ ಬೆರಳು ಚುಕ್ಕಿಯ ಮೇಲೆ ಎಷ್ಟು ಒತ್ತುತ್ತದೆ ಎಂದು ಯಾವ ಕ್ಯಾಮೆರಾವೂ ಹೇಳಲಾರದು. ಅದಕ್ಕೆ ಬ್ಲಾಕಿನ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕರೇ ಪಕ್ಕದಲ್ಲಿ ಕೂರಬೇಕು. ಒಬ್ಬೊಬ್ಬರಿಗೆ ಹಲವು ಊರು, ಹಲವು ಬಗೆಯ ಮಕ್ಕಳು, ಬರುವುದು ಅಪರೂಪ. ಅವರು ಬಂದ ದಿನವೇ ಆನ್‌ಲೈನ್ ಪಾಠವೂ ಇದ್ದರೆ ಫೋನ್ ಆಫ್ ಮಾಡಿ. ಮರುದಿನ ಕೇಳಿದರೆ “ನೆಟ್‌ವರ್ಕ್ ಇರ್ಲಿಲ್ರಿ ಸರ್” ಎನ್ನಿ. ಭಂಕೂರಿನಿಂದ ಈ ಮಾತು ಬಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.