ಸೈಲೆನ್ಸರ್ ನಮ್ದ್, ಕೆಮಿ ನಿಮ್ದ್

ಜಪಾನಿನ ಕಜುನೊರಿ ಯಮೌಚಿ ಎಂಬವರು 1997ರಲ್ಲಿ ಪ್ಲೇಸ್ಟೇಷನ್ನಿಗೆ ‘ಗ್ರ್ಯಾನ್ ಟುರಿಸ್ಮೊ’ ಎಂಬ ಕಾರಿನ ಆಟ ಮಾಡಿಕೊಟ್ಟರು. ನಿಜವಾದ ಕಾರು ಓಡಿಸಿದ ಹಾಗೇ ಇರುತ್ತದೆ ಎಂಬುದು ಅದರ ಹೆಗ್ಗಳಿಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರು ಇದನ್ನು ನಂಬುವುದು ಕಷ್ಟ. ಆ ಆಟದಲ್ಲಿ ಶುರುವಿಗೆ ಕೈಗೆ ಕೊಡುವುದು ಹತ್ತು ಸಾವಿರ ಕ್ರೆಡಿಟ್. ಅದರಲ್ಲಿ ಒಂದು ಹಳೇ ಗಾಡಿ ತೆಗೆದುಕೊಂಡು, ರೇಸ್ ಗೆದ್ದು, ಗೆದ್ದ ದುಡ್ಡಿನಲ್ಲೇ ಟಯರು, ಟರ್ಬೊ ಹಾಕಿಸಿಕೊಳ್ಳಬೇಕು. ದುಬೈಯಲ್ಲೊಬ್ಬ ಭಾವ ಇರುವ ಸೌಲಭ್ಯವೇ ಇಲ್ಲ! ಸಾಲದ್ದಕ್ಕೆ ಲೈಸೆನ್ಸ್ ಪರೀಕ್ಷೆ ಬೇರೆ. ಪಾಸಾಗದವನನ್ನು ದೊಡ್ಡ ರೇಸಿನ ಹತ್ತಿರಕ್ಕೂ ಬಿಡುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತು ನಮ್ಮ ಪರವಾಗಿ ಬ್ರೇಕ್ ಒತ್ತುವ ಡ್ರೈವಿಂಗ್ ಸ್ಕೂಲಿನ ಮಾಸ್ತರರೂ ಅಲ್ಲಿಲ್ಲ.

ಮೊದಲನೇ ಪರೀಕ್ಷೆ ಬಹಳ ಸುಲಭದ್ದು: ಗಾಡಿಯನ್ನು ವೇಗವಾಗಿ ಓಡಿಸಿ, ಗುರುತು ಹಾಕಿದ ಜಾಗದೊಳಗೆ ನಿಲ್ಲಿಸಬೇಕು. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರಿಗೆ ಇದನ್ನು ಕೊಟ್ಟು ನೋಡಿ. ಮೊದಲರ್ಧದಲ್ಲಿ ಯಮೌಚಿಯವರಿಗೇ ನಾಲ್ಕು ಪಾಠ ಹೇಳಿಯಾರು. ಎರಡನೇ ಅರ್ಧದಲ್ಲಿ ಫೇಲು. ಗುರುತು ಹಾಕಿದ ಜಾಗ ಇರುವುದು ರಿಕ್ಷಾ ನಿಲ್ಲಿಸಲಿಕ್ಕೆ, ಹಣ್ಣಿನ ಗಾಡಿ ನಿಲ್ಲಿಸಲಿಕ್ಕೆ. ಬಸ್ಸು ನಿಲ್ಲುವುದು ಕೈ ಅಡ್ಡ ಹಿಡಿದಲ್ಲಿ.

ನೈಜತೆಯ ಹಿಂದೆ ಬಿದ್ದ ಪರದೇಶದವರ ಪಾಡು ನೋಡಿದರೆ ಪಾಪ ಅನ್ನಿಸುತ್ತದೆ. 2015ರಲ್ಲಿ ಬಂದ ‘ಫೋರ್ಜಾ ಮೋಟರ್‌ಸ್ಪೋರ್ಟ್ 6’ ಎಂಬ ಆಟದಲ್ಲಿ ಮಳೆ ಬಂದು ಟ್ರ್ಯಾಕಿನ ಮೇಲೆ ನೀರು ನಿಲ್ಲುತ್ತದೆ, ಆ ನೀರಿಗೆ ಹೊಕ್ಕ ಗಾಡಿ ಹಿಡಿತ ತಪ್ಪಿ ಜಾರುತ್ತದೆ ಎಂದು ಲೋಕವೆಲ್ಲ ಬೆರಗಾಯಿತು. ಎಷ್ಟೋ ಜನ ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಮಾಡಿದ ಹೊಂಡವಂತೆ. ನಮ್ಮ ಹೆದ್ದಾರಿಯ ಸರ್ವಿಸ್ ರಸ್ತೆಗೆ ಒಂದು ಆಟಿ ತಿಂಗಳಲ್ಲಿ ಬಂದಿದ್ದರೆ ಅಳತೆ ಸಮೇತ ಪುಕ್ಕಟೆ ಕೊಡುತ್ತಿದ್ದೆವು. ಚೆಕ್ ದೇಶದ ಎಸ್‌ಸಿಎಸ್ ಕಂಪನಿಯ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ ಆಟದಲ್ಲಿ ಟೋಲ್‌ಗೇಟೂ ಇದೆ. ಲಾರಿ ನಿಲ್ಲಿಸಿ ದುಡ್ಡು ಕೊಟ್ಟರೆ ಗೇಟು ಏಳುತ್ತದೆ, ಅಷ್ಟೇ. ನಮ್ಮೂರಿನ ನಂಬರ್ ಪ್ಲೇಟ್ ತೋರಿಸಿ “ಕೆಎ 20 ಕಾಂಬುದಿಲ್ಯಾ?” ಎಂದು ಕೇಳಿ, ಹಿಂದಿನ ಗಾಡಿಗಳೆಲ್ಲ ಹಾರನ್ ಹಾಕುವವರೆಗೆ ಜಗಳಾಡುವ ಗುಂಡಿ ಅದರಲ್ಲಿಲ್ಲ. ನಮ್ಮ ಸಾಸ್ತಾನದ ಟೋಲ್‌ಗೇಟಿನಲ್ಲಿ ಆ ಭಾಗವೇ ಮುಖ್ಯ. ಇನ್ನೊಂದು ಕೊರತೆ ಏನೆಂದರೆ, ಅಲ್ಲಿ ರಸ್ತೆ ಇದ್ದಲ್ಲಿ ಮಾತ್ರ ಟೋಲ್. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರ್ ಇನ್ನೂ ಕಂಬಗಳಾಗಿ ನಿಂತಿದ್ದಾಗಲೇ ನಾವು ಅತ್ತ ಟೋಲ್ ಕಟ್ಟಿ, ಇತ್ತ ಕಂಬ ಸುತ್ತಿ ಹೋದವರು. ಅಪ್‌ಗ್ರೇಡಿಗೆ ಮುಂಗಡ ಕೊಡುವ ಪದ್ಧತಿ ಆಟದವರಿಗೆ ಹೊಳೆದೇ ಇಲ್ಲ.

ಆದರೆ ನನ್ನ ತಕರಾರು ರಸ್ತೆಯದ್ದಲ್ಲ, ಗಾಡಿಯದ್ದು. ಆಟದಲ್ಲಿ ಗಾಡಿ ಅಪ್‌ಗ್ರೇಡ್ ಮಾಡುವವನು ಮೊದಲು ಟಯರು ನೋಡುತ್ತಾನೆ, ಬ್ರೇಕ್ ನೋಡುತ್ತಾನೆ. ದುಡ್ಡು ಕೊಟ್ಟು ಗಾಡಿಯ ತೂಕ ಇಳಿಸಿಕೊಳ್ಳುತ್ತಾನೆ. ಖರ್ಚೂ ಅವನದ್ದೇ, ಫಲವೂ ಅವನದ್ದೇ. ತಪ್ಪು ಲೆಕ್ಕ ಹಾಕಿದರೆ ತಿರುವಿನಲ್ಲಿ ಮಣ್ಣು ಮುಕ್ಕುವವನೂ ಅವನೇ. ಇಂಥ ಸ್ವಾರ್ಥ ನಮ್ಮಲ್ಲಿಲ್ಲ. ನಮ್ಮ ಹುಡುಗರು ಗಾಡಿಗೆ ಏನು ಹಾಕಿಸಿದರೂ ಅದು ಪರರಿಗಾಗಿ. ಸೈಲೆನ್ಸರ್ ಬದಲಿಸಿದರೆ ಅದು ಆಚೆಮನೆಯ ಬಾಣಂತಿಗೆ. ಎಲ್‌ಇಡಿ ಲೈಟು ಹಾಕಿಸಿದರೆ ಅದು ಎದುರಿಂದ ಬರುವವನ ಕಣ್ಣಿಗೆ. ಏರ್ ಹಾರನ್ ಇರುವುದು ಸಂತೆಯ ಚೀಲ ಹಿಡಿದು ರಸ್ತೆ ದಾಟುವ ಅಜ್ಜಿಯ ಎದೆಗೆ. ಬ್ರೇಕ್ ಶೂ ಸವೆದು ಕಿರ್ರೆನ್ನುತ್ತಿದ್ದರೂ ಅದರ ಮೇಲೆ ದುಡ್ಡು ಹಾಕುವುದಿಲ್ಲ. ಅದರಿಂದ ಉಪಕಾರವಾಗುವುದು ತನಗೊಬ್ಬನಿಗೇ ನೋಡಿ.

ಮರವಂತೆಗೆ ಒಂದು ಆದಿತ್ಯವಾರ ಸಂಜೆ ಹೋಗಿ ನಿಂತುಕೊಳ್ಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಆಟ ಮಾಡುವವರು ಕನಸಿನಲ್ಲೂ ಬಿಡಿಸಲಾರದ ಟ್ರ್ಯಾಕು. ಅಲ್ಲಿ ಅಲೆಯ ಸದ್ದು ಕೇಳಲೆಂದು ಬಂದವರಿಗೆ ನಮ್ಮ ಹುಡುಗರು ಬೈಕಿನ ಸದ್ದು ಕೇಳಿಸಿ ಕಳಿಸುತ್ತಾರೆ. ಯಾಕಪ್ಪಾ ಎಂದರೆ “ಕಂಪನಿ ಸೌಂಡಿಗೆ ಗತ್ತೇ ಇಲ್ಲ ಮಾರಾಯ್ರೆ” ಎಂಬ ಉತ್ತರ. ಗತ್ತು ಬಂದಿದೆ, ಸರಿ. ಎಂಜಿನ್ ಮಾತ್ರ ಶೋರೂಮಿನಿಂದ ಬಂದದ್ದೇ. ಹಿಂದಿನಿಂದ ಬಂದ ಮೀನಿನ ಗಾಡಿ, ಐಸ್ ನೀರು ಸುರಿಸುತ್ತಾ, ಆ ಬೈಕನ್ನು ಸಲೀಸಾಗಿ ಹಿಂದಿಕ್ಕಿ ಹೋಗುತ್ತದೆ.

ಕಾನೂನು ಇಲ್ಲವೇ ಎಂದರೆ, ಬೇಕಾದಷ್ಟಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಮಾಡಿಕೊಟ್ಟ ರೂಪ ಕೆಡಿಸಬೇಡಿ ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಎಂದೂ ಬರೆದರು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ, ಪತ್ರಕರ್ತರನ್ನು ಕರೆದು, ಮೇಲೆ ರೋಡ್ ರೋಲರ್ ಹಾಯಿಸಿದ್ದಾರೆ. ರಸ್ತೆ ಕೆಲಸಕ್ಕೆ ಕಾದು ಕೂತಾಗ ಕಾಣದ ಯಂತ್ರ, ಆ ದಿನ ಮಾತ್ರ ಹೇಳಿದ ಹೊತ್ತಿಗೆ ಹಾಜರು!

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲಿದೆ: ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಬೈಂದೂರಿನ ನನ್ನ ಪರಿಚಯದ ಒಬ್ಬ ತಾಯಿ ಇದನ್ನು ಪೇಪರಿನಲ್ಲಿ ಓದಿದ್ದೇ ಸ್ಕೂಟರಿನ ಕೀಲಿಯನ್ನು ಅಕ್ಕಿ ಡಬ್ಬಕ್ಕೆ ಹಾಕಿ, ಮಗನಿಗೆ ಮೊಬೈಲ್ ಕೊಟ್ಟರು. ಮಾಣಿ ಅದರಲ್ಲಿ ಇಂಡೋನೇಷ್ಯಾದ ಮಾಲಿಯೊ ಕಂಪನಿ 2017ರಲ್ಲಿ ಬಿಟ್ಟ ಬಸ್ ಆಟ ಹಾಕಿಕೊಂಡ. ಜನರನ್ನು ಸಾಗಿಸಿ, ದುಡ್ಡು ಕೂಡಿಸಿ, ಹೊಸ ಬಸ್ಸು ಕೊಳ್ಳುವ ಆಟ. ಬಸ್ಸಿಗೆ ನಮ್ಮದೇ ಬಣ್ಣ, ನಮ್ಮದೇ ಹೆಸರು ಹಚ್ಚಬಹುದು ಎಂಬುದು ಅದರ ವಿಶೇಷ; ಹಾಗಾಗಿ ಜಾವಾ ದ್ವೀಪದ ರಸ್ತೆಗಳಲ್ಲಿ ಈಗ ಕೆಎಸ್‌ಆರ್‌ಟಿಸಿಯೂ ಓಡುತ್ತದೆ, ಕರಾವಳಿಯ ಖಾಸಗಿ ಬಸ್ಸೂ ಓಡುತ್ತದೆ. ಮಾಣಿಯ ಕೆಲಸ ಕಂಡೆ. ಮುಂಗಾಜಿನ ಮೇಲೆ ‘ಶ್ರೀ ಮೂಕಾಂಬಿಕಾ’, ಹಿಂದೆ ಒಡೆಯರ ಮಕ್ಕಳಿಬ್ಬರ ಹೆಸರು, ಬಂಪರಿಗೆ ಲಿಂಬೆಹಣ್ಣು–ಮೆಣಸು. ಮೆಣಸಿನ ತೊಟ್ಟು ಸರಿ ಬರಲಿಲ್ಲವೆಂದು ಬೆರಳಲ್ಲಿ ಪರದೆ ಹಿಗ್ಗಿಸಿ ಮೂರು ಸಲ ಅಳಿಸಿದ. ಗಣಿತದ ನೋಟ್ಸಿಗೆ ಈ ಶ್ರದ್ಧೆ ಇದ್ದಂತಿಲ್ಲ.

ಅಜ್ಜಿ ಇಣುಕಿ, “ಮಗಾ, ಈ ಬಸ್ಸ್ ಎಲ್ಲಿಗ್ ಹೋತ್?” ಅಂದರು. “ಉಡ್ಪಿಗ್ ಅಜ್ಜಿ” ಅಂದ, ಜಾವಾದ ಸುರಬಾಯದ ಬೋರ್ಡಿನ ಕೆಳಗೆ ಬಲಕ್ಕೆ ತಿರುಗಿಸುತ್ತಾ.

ಮನೆಯವರಿಗೆ ನೆಮ್ಮದಿ. ರಸ್ತೆಯಲ್ಲಿ ಯಾರಿಗೂ ತೊಂದರೆಯಿಲ್ಲ. ಗುದ್ದಿದರೂ ಅವನೇ, ಗೆದ್ದರೂ ಅವನೇ. ಇದು ಹೀಗೇ ನಡೆದಿದ್ದರೆ ನಾನೂ ಆಟದ ಪರವಾಗಿ ನಾಲ್ಕು ಮಾತು ಬರೆಯುತ್ತಿದ್ದೆ. ಆದರೆ ಪರೋಪಕಾರ ರಕ್ತದಲ್ಲೇ ಇದ್ದ ಮೇಲೆ ಎಷ್ಟು ದಿನ ತಡೆದೀತು? ಫೋನಿನ ಸದ್ದಿಗೆ ಗತ್ತಿಲ್ಲವೆಂದು ಮಾಣಿಗೆ ಅನ್ನಿಸಿತು. ನಮ್ಮ ಬಸ್ಸುಗಳದ್ದೇ ಹಾರನ್ನನ್ನು ಎಲ್ಲಿಂದಲೋ ಹುಡುಕಿ ಆಟಕ್ಕೆ ಹಾಕಿದ. ಊರಿಗೆ ಬಂದ ಅಪ್ಪ ತಂದ ಬ್ಲೂಟೂತ್ ಸ್ಪೀಕರನ್ನು, ವೂಫರ್ ಸಮೇತ, ಕಿಟಕಿಯ ಮೇಲಿಟ್ಟ. ಬೆಳಿಗ್ಗೆ ಆರೂವರೆಗೆ ಬಸ್ಸು ಸ್ಟ್ಯಾಂಡ್ ಬಿಟ್ಟಿತು, ಹಾರನ್ ಹೊಡೆಯಿತು. ಪಕ್ಕದ ಮನೆಯ ಹಿರಿಯರು ಅರ್ಧ ಕುಡಿದ ಚಾ ಬಿಟ್ಟು, ಚೀಲ ಎತ್ತಿಕೊಂಡು, ಪಂಚೆ ಮೇಲೆ ಕಟ್ಟಿ ಹೆದ್ದಾರಿಗೆ ಓಡಿದರು. ರಸ್ತೆ ಖಾಲಿ. ಕಾಲು ಗಂಟೆ ಕಳೆದು ನಿಜವಾದ ಬಸ್ಸು ಬಂದಾಗ ಅದರ ಕಂಡಕ್ಟರನಿಗೆ ಬ್ರಹ್ಮಾವರದವರೆಗೂ ಬೈದರಂತೆ.