ಗುಂಡನ ಕೊರಳಪಟ್ಟಿ

ನ್ಯೂಜೆರ್ಸಿಯಲ್ಲಿ ಏಳು ತಿಂಗಳು ತುಂಬಿದ ನಾಯಿಗೆ ಲೈಸೆನ್ಸ್ ಇರಲೇಬೇಕು. ರೇಬೀಸ್ ಚುಚ್ಚುಮದ್ದು ಹಾಕಿಸಿ, ಪುರಸಭೆಗೆ ಶುಲ್ಕ ಕಟ್ಟಿದರೆ ನಂಬರಿರುವ ಬಿಲ್ಲೆ ಕೊಡುತ್ತಾರೆ. ಅದು ಕೊರಳಪಟ್ಟಿಯಲ್ಲಿ ತೂಗುತ್ತಿರಬೇಕು. ಹಾಗಾಗಿ ಮೆಟುಚೆನ್‌ನ ನಮ್ಮ ಮನೆಯಲ್ಲಿ ದಾಖಲೆಪತ್ರ ಸದಾ ಸರಿಯಾಗಿರುವುದು ಗುಂಡನದು ಮಾತ್ರ. ನಾವೆಲ್ಲ ವೀಸಾ ಕಡತ ಎಲ್ಲಿಟ್ಟೆವೆಂದು ಕಪಾಟು ಜಾಲಾಡುವಾಗ ಅವನು ಕತ್ತು ಕೊಡವಿ ಬಿಲ್ಲೆ ಗಲಗಲ ಅನ್ನಿಸುತ್ತಾನೆ.

ಆ ಪಟ್ಟಿಗೂ ಲೀಶಿಗೂ ಇಲ್ಲಿನ ಚಳಿಗಾಲವೇ ಶತ್ರು. ಹಿಮ ಬಿದ್ದೊಡನೆ ಫುಟ್‌ಪಾತಿಗೆ ಉಪ್ಪಿನಕಾಯಿ ಹಾಕುವವರಂತೆ ಕಲ್ಲುಪ್ಪು ಸುರಿಯುತ್ತಾರೆ. ಹಿಮ ಕರಗುತ್ತದೆ, ಉಪ್ಪುನೀರು ಲೀಶಿಗೆ ಇಳಿಯುತ್ತದೆ. ಮೇನ್ ಸ್ಟ್ರೀಟಿಗೆ ಹೋಗಿ ಬಂದು ಒಣಗಲು ಬಿಟ್ಟರೆ ಮೈತುಂಬ ಬಿಳಿ ಗೆರೆ, ಬಿರುಸಾದ ಚರ್ಮ, ಕಚ್ಚಿಕೊಂಡ ಕೊಂಡಿ. ವಸಂತ ಬಂತೋ, ಹಳೆಯ ರೈಲುಹಾದಿಯೇ ಕಾಲುದಾರಿಯಾಗಿರುವ ಮಿಡಲ್‌ಸೆಕ್ಸ್ ಗ್ರೀನ್‌ವೇಗೆ ಹೊರಡುತ್ತೇವೆ. ಮೂರೂವರೆ ಮೈಲಿಯ ನಯವಾದ ಟಾರು ಹಾದಿ ಗುಂಡನಿಗೆ ಬೇಡ, ಅಂಚಿನ ಕೆಸರೇ ಬೇಕು.

ತಿಪಟೂರಿನಿಂದ ಬಂದ ಅಮ್ಮ ಈ ಖಾತೆಯನ್ನು ವಹಿಸಿಕೊಂಡಳು. ಓಕ್ ಟ್ರೀ ರೋಡಿನ ಅಂಗಡಿಯಿಂದ ಅಂಟುವಾಳ ಬಂತು. ನೈಲಾನ್ ಲೀಶನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಹಿಂಡದೆ ನೆರಳಿಗೆ ಹರವಿದಳು. ಬಿಸಿಲು, ಹೀಟರು ಎರಡೂ ಕೂಡದು. ಹೊಲಿಗೆ ಬಿಟ್ಟಿದೆಯೇ, ಕೊಂಡಿಯ ಸ್ಪ್ರಿಂಗು ಚಿಮ್ಮುತ್ತಿದೆಯೇ ಎಂಬ ತಪಾಸಣೆ ಬೇರೆ.

ತಕರಾರು ಎದ್ದದ್ದು ಚರ್ಮದ ಕೊರಳಪಟ್ಟಿಯ ವಿಷಯದಲ್ಲಿ. ಚರ್ಮ ಮೆದುವಾಗಿಡಲು ನಾನು ನೀಟ್ಸ್‌ಫುಟ್ ಎಣ್ಣೆ ತಂದಿದ್ದೆ. ದನದ ಕಾಲಿನ ಮೂಳೆ ಬೇಯಿಸಿ ತೆಗೆಯುವ ಎಣ್ಣೆಯೆಂದು ಮೊಮ್ಮಗಳು ಓದಿ ಹೇಳಿದ್ದೇ ತಡ, ಡಬ್ಬಿ ಗ್ಯಾರೇಜಿಗೆ ಗಡೀಪಾರಾಯಿತು.

“ಪಟ್ಟಿಯೇ ಚರ್ಮದ್ದಲ್ವೇನಮ್ಮಾ?”

“ಅದು ಆಗಿಹೋದದ್ದು ಕಣೋ. ಎಣ್ಣೆ ಈಗ ಹಚ್ಚೋದು.”

ಬದಲಿಗೆ ತಿಪಟೂರಿನ ಕೊಬ್ಬರಿ ಎಣ್ಣೆ ಸವರಿದಳು. ಕೊಬ್ಬರಿಯ ಪರಿಮಳ ಗುಂಡನಿಗೆ ನಮಗಿಂತ ಚೆನ್ನಾಗಿ ಗೊತ್ತು. ಅರ್ಧ ಪಟ್ಟಿ ಅಗಿದಿಟ್ಟ. ಹೊಸ ಪಟ್ಟಿಗೆ ಜೇನುಮೇಣ ಎಂದು ರಾಜಿಯಾಯಿತು. ಕಟ್ಟುವಾಗ ಕತ್ತಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗಬೇಕು ಎಂದೆ. ಅಮ್ಮ ತನ್ನ ಬೆರಳಲ್ಲೇ ಅಳೆದಳು.

ನಾಯಿಗೆ ಇಷ್ಟು ಉಪಚಾರವೇ ಎಂದು ಊರಿನವರು ನಗಬಾರದಲ್ಲ, ಅದಕ್ಕೆ ನಾನು ಹತ್ತನೇ ಶತಮಾನದ ಆತಕೂರು ಶಾಸನ ತೆಗೆದೆ. ಯುದ್ಧದಲ್ಲಿ ಮೆರೆದ ಮಣಲೇರ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿದರು.

“ಅದು ಹಂದಿ ಕೊಂದಿತ್ತು,” ಅಂದಳು ಅಮ್ಮ. “ಇವನು ಅಳಿಲಿಗೇ ದಾರಿ ಬಿಡ್ತಾನೆ.”

ಅಷ್ಟರಲ್ಲಿ ಲೀಶಿನ ಎರಡು ತುದಿಗಳನ್ನು ಬೇರೆ ಬೇರೆ ಬೋಗುಣಿಯಲ್ಲಿ ನೆನೆಸಿದ್ದಳು. ಗುಂಡನ ಕಡೆಯ ನೀರು ತುಸು ಮಣ್ಣುಬಣ್ಣ. ನಾನು ಹಿಡಿಯುವ ಕಡೆಯದು ಕಾಫಿ, ಬೆವರು, ಕೈಗೆ ಬಳಿದುಕೊಂಡ ಕ್ರೀಮು ಎಲ್ಲ ಬಿಟ್ಟುಕೊಂಡು ಕಪ್ಪಗೆ ಕುಳಿತಿತ್ತು. ಅಮ್ಮ ಎರಡನ್ನೂ ನೋಡಿ ತೀರ್ಪು ಕೊಟ್ಟಳು:

“ನಾಳೆಯಿಂದ ವಾಕಿಂಗ್ ಮುಗಿಸಿ ಬಂದಾಗ ಗುಂಡ ನೇರ ಒಳಗೆ ಬರಲಿ. ನೀನು ಕೈಕಾಲು ತೊಳ್ಕೊಂಡು ಬಾ.”